ಅಂದಿನ ಜಟ್ಟಿಯೂ ಇಂದಿನ ಬಾಕ್ಸರೂ

ಹಿಂದಿನದೆಲ್ಲ ಹಿರಿದು, ಇಂದಿನದೆಲ್ಲ ಕಿರಿದು ಎಂಬ ಭಾವನೆ ನಮ್ಮ ಜನರಲ್ಲಿ ಆಳವಾಗಿ ಬೇರೂರಿದೆ. ಮಳೆ, ಬೆಳೆ, ಹಾಲು, ತುಪ್ಪ, ಕಡೆಗೆ ಮನುಷ್ಯನ ತೋಳಿನ ಬಲ, ಎಲ್ಲದರಲ್ಲಿಯೂ ಹಳೆಯ ಕಾಲಕ್ಕೇ ಮೇಲುಗೈ ಕೊಡುವುದು ರೂಢಿಯಾಗಿದೆ. ಮಲ್ಲರ ಮಾತು ಬಂದರಂತೂ ಹೇಳಬೇಕಾದುದೇ ಇಲ್ಲ. ಹಿಂದಿನ ಮುಷ್ಟಿಕಾಳಗದ ವೀರರು ದೊಡ್ಡವರೋ, ಇಂದಿನ ಬಾಕ್ಸಿಂಗ್ ಚಾಂಪಿಯನ್ನರು ದೊಡ್ಡವರೋ ಎಂಬ ಪ್ರಶ್ನೆಯನ್ನು ನ್ಯಾಯವಾಗಿ ಕೇಳುವ ಬಗೆ ಹೇಗೆಂಬುದನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶ.

ನಾನು ನಂಗಲಿಯವನು. ಹೊಯ್ಸಳ ಅರಸರು ಶಾಸನಗಳಲ್ಲಿ ತಮ್ಮನ್ನು ‘ತಲಕಾಡು, ಕೊಂಗು, ನಂಗಲಿಗಳನ್ನು ಗೆದ್ದವರು’ ಎಂದು ಹೊಗಳಿಕೊಂಡಿದ್ದಾರೆ. ಅರಸರ ಬಿರುದಿನಲ್ಲಿ ಊರಿನ ಹೆಸರೇ ಸೇರಿರುವಾಗ ನಮಗೆ ಬಿರುದುಗಳ ಮೇಲೆ ಪ್ರೀತಿ ಇರುವುದು ಸಹಜ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ನಮ್ಮ ತಂದೆಯವರು ನನ್ನ ಮೊಬೈಲಿನಲ್ಲಿ ಬಾಕ್ಸಿಂಗ್ ಕಂಡಾಗಲೆಲ್ಲ, “ಕೈಗೆ ದಿಂಬು ಕಟ್ಕೊಂಡು ಗುದ್ದಾಡೋದೂ ಒಂದು ಗುದ್ದಾಟವೇನಪ್ಪಾ?” ಎನ್ನುತ್ತಾರೆ. ನನ್ನ ಸಹಪಾಠಿಗಳಾದರೋ ಹಳೆಯ ಜಟ್ಟಿಗಳದೆಲ್ಲ ಬರಿಯ ಕಟ್ಟುಕಥೆ ಎಂದು ನಗುತ್ತಾರೆ. ಈ ಎರಡು ಮಾತುಗಳನ್ನೂ ಒರೆಗೆ ಹಚ್ಚಿ ನೋಡಬೇಕಾಗಿದೆ.

ಹಳೆಯದು ಕಟ್ಟುಕಥೆಯಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲರ ವಿಚಾರವಾಗಿ ಒಂದು ಭಾಗವೇ ಇದೆ. ವಯಸ್ಸು, ಮೈಕಟ್ಟು, ಬಲಗಳನ್ನು ನೋಡಿ ಮಲ್ಲರನ್ನು ವಿಂಗಡಿಸುವ ಕ್ರಮವನ್ನೂ, ಅವರ ಆಹಾರ ಮತ್ತು ಸಾಧನೆಯನ್ನೂ ಅಲ್ಲಿ ಹೇಳಿದೆ. ಸುಮಾರು ೧೫೨೦ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಮಹಾನವಮಿಯ ಮಲ್ಲರು ಹಲ್ಲು ಮುರಿಯುವಂತೆ, ಕಣ್ಣು ಹೋಗುವಂತೆ, ಮುಖ ವಿಕಾರವಾಗುವಂತೆ ಹೊಡೆದಾಡುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಅದೇ ಸಂಪ್ರದಾಯದ ಕುಡಿಯೆನ್ನಬಹುದಾದ ವಜ್ರಮುಷ್ಟಿ ಕಾಳಗವು ಮೈಸೂರಿನ ಅರಮನೆಯಲ್ಲಿ ವಿಜಯದಶಮಿಯಂದು ಇಂದಿಗೂ ನಡೆದುಬಂದಿದೆ. ತಲೆ ಬೋಳಿಸಿ ಜುಟ್ಟು ಬಿಟ್ಟ ಜಟ್ಟಿಗಳು ಮುಳ್ಳುಗಳುಳ್ಳ ಆಯುಧವನ್ನು ಬೆರಳಿಗೆ ತೊಟ್ಟು ಸೆಣಸುತ್ತಾರೆ. ಒಬ್ಬನ ತಲೆಯಿಂದ ರಕ್ತ ಚಿಮ್ಮಿದೊಡನೆ ಕಾಳಗ ಮುಗಿಯಿತು. ಆಯುಧ ಭಯಂಕರವಾದರೂ ಆಟಕ್ಕೆ ಮಿತಿಯಿದೆ ಎಂಬುದನ್ನು ಗಮನಿಸಬೇಕು.

ಇನ್ನು ಪಶ್ಚಿಮದ ಬಾಕ್ಸಿಂಗನ್ನು ನೋಡೋಣ. ಇಂಗ್ಲೆಂಡಿನಲ್ಲಿ ೧೭೪೩ರಲ್ಲಿ ಜ್ಯಾಕ್ ಬ್ರೌಟನ್ ಮೊದಲ ನಿಯಮಗಳನ್ನು ಮಾಡಿದನು. ೧೮೬೭ರಲ್ಲಿ ಕ್ವೀನ್ಸ್‌ಬರಿ ನಿಯಮಗಳು ಬಂದು, ಕೈಗವಸು, ಮೂರು ನಿಮಿಷದ ಸುತ್ತು, ಒಂದು ನಿಮಿಷದ ವಿಶ್ರಾಂತಿ, ಬಿದ್ದವನಿಗೆ ಹತ್ತು ಸೆಕೆಂಡಿನ ಗಡುವು ಗೊತ್ತಾದವು. ಗವಸಿಲ್ಲದೆ ಕಾದಾಡಿದ ಕಡೆಯ ಹೆವಿವೇಟ್ ಚಾಂಪಿಯನ್‌ಷಿಪ್ ೧೮೮೯ರದು. ಅಮೆರಿಕದಲ್ಲಿ ಜಾನ್ ಸಲಿವನ್ನನು ಜೇಕ್ ಕಿಲ್ರೇನ್‌ನನ್ನು ೭೫ ಸುತ್ತು ಕಾದಾಡಿ ಸೋಲಿಸಿದನು.

ಎಪ್ಪತ್ತೈದು ಸುತ್ತು ಎಂದೊಡನೆ ಇಂದಿನ ೧೨ ಸುತ್ತಿನವರು ಏನೂ ಅಲ್ಲವೆಂದು ತೋರುವುದು ಸಹಜ. ಆದರೆ ಲೆಕ್ಕ ಬೇರೆಯಾಗಿದೆ. ಅಂದಿನ ನಿಯಮದಂತೆ ಒಬ್ಬನು ನೆಲಕ್ಕೆ ಬಿದ್ದರೆ ಸುತ್ತು ಮುಗಿಯುತ್ತಿತ್ತು. ಅದು ಅರ್ಧ ನಿಮಿಷವೂ ಆಗಬಹುದು, ಐದು ನಿಮಿಷವೂ ಆಗಬಹುದು. ಒಟ್ಟು ಕಾಳಗ ಎರಡು ಗಂಟೆಗಿಂತ ತುಸು ಹೆಚ್ಚು ಕಾಲ ನಡೆಯಿತು. ಇಂದಿನ ೧೨ ಸುತ್ತಿಗೆ ೩೬ ನಿಮಿಷ ಹೊಡೆದಾಟ. ಅಂದಿನವರ ಸಹನಶಕ್ತಿ ದೊಡ್ಡದು, ಸಂದೇಹವಿಲ್ಲ. ಇಂದಿನವರ ವೇಗವೂ ಎಡೆಬಿಡದ ಹೊಡೆತವೂ ಬೇರೆ ತೆರನಾದ ಶಕ್ತಿಯನ್ನು ಬೇಡುತ್ತವೆ.

ಕೈಗವಸಿನ ಮಾತಿನಲ್ಲಿಯೂ ನಮ್ಮ ಹಿರಿಯರು ಅರಿಯದ ಸೂಕ್ಷ್ಮವೊಂದಿದೆ. ಗವಸು ಮುಖ್ಯವಾಗಿ ಕಾಪಾಡುವುದು ಹೊಡೆಯುವವನ ಕೈಯನ್ನು. ಬರಿಗೈಯಿಂದ ತಲೆಬುರುಡೆಗೆ ಗುದ್ದಿದವನ ಬೆರಳಿನ ಮೂಳೆಯೇ ಮುರಿಯುತ್ತದೆ. ಆದುದರಿಂದ ಹಿಂದಿನವರು ತಲೆಗೆ ಅಳೆದು ಹೊಡೆಯುತ್ತಿದ್ದರು. ಗವಸು ಬಂದ ಮೇಲೆ ಕೈಗೆ ಆ ಭಯ ಇಲ್ಲವಾಯಿತು, ತಲೆಗೆ ಬೀಳುವ ಪೆಟ್ಟು ಹೆಚ್ಚಿತು. ಹಾಗಾಗಿ ‘ದಿಂಬು ಕಟ್ಟಿಕೊಂಡ’ ಬಾಕ್ಸರು ಸುಖವಾಗಿದ್ದಾನೆಂದು ತಿಳಿಯುವುದು ಸರಿಯಲ್ಲ.

ಮೈತೂಕವನ್ನೂ ಮರೆಯುವಂತಿಲ್ಲ. ೧೯೫೨ರಿಂದ ೧೯೫೬ರವರೆಗೆ ಹೆವಿವೇಟ್ ಚಾಂಪಿಯನ್ನನಾಗಿದ್ದು, ೪೯ ಪಂದ್ಯಗಳಲ್ಲಿ ಒಂದನ್ನೂ ಸೋಲದೆ ನಿವೃತ್ತನಾದ ರಾಕಿ ಮಾರ್ಸಿಯಾನೊನ ತೂಕ ಸುಮಾರು ೮೪ ಕಿಲೋ. ಇಂದಿನ ಲೆಕ್ಕದಲ್ಲಿ ಅವನು ಹೆವಿವೇಟಿಗೆ ಸೇರುವುದೇ ಇಲ್ಲ. ಸುಮಾರು ೯೧ ಕಿಲೋ ಮಿತಿಯ ಕ್ರೂಸರ್‌ವೇಟಿಗೆ ಸೇರುತ್ತಾನೆ. ೨೦೨೪ರಲ್ಲಿ ಟೈಸನ್ ಫ್ಯೂರಿಯನ್ನು ಗೆದ್ದ ಉಕ್ರೇನಿನ ಉಸಿಕ್ ನೂರು ಕಿಲೋ ಮೀರಿದವನು; ಫ್ಯೂರಿಯಾದರೋ ಅವನಿಗಿಂತಲೂ ಹದಿನೈದು ಕಿಲೋಗೂ ಹೆಚ್ಚು ಭಾರ. ಇವರ ಮುಂದೆ ಮಾರ್ಸಿಯಾನೊನನ್ನು ನಿಲ್ಲಿಸಿ ಗೆಲ್ಲುವವರು ಯಾರೆಂದು ಕೇಳುವುದು ನ್ಯಾಯವೆ? ಅತ್ತ, ಷುಗರ್ ರೇ ರಾಬಿನ್ಸನ್ ೧೯೪೦ರಿಂದ ೧೯೬೫ರವರೆಗೆ ಸುಮಾರು ೨೦೦ ಪಂದ್ಯಗಳನ್ನಾಡಿದನು. ಫ್ಲಾಯ್ಡ್ ಮೇವೆದರ್ ೧೯೯೬ರಿಂದ ೨೦೧೭ರವರೆಗೆ ಆಡಿದ್ದು ೫೦, ಐವತ್ತನ್ನೂ ಗೆದ್ದನು. ಒಬ್ಬನು ಸೋತೂ ಮತ್ತೆ ಮತ್ತೆ ಕಣಕ್ಕಿಳಿದನು. ಇನ್ನೊಬ್ಬನು ಸೋಲನ್ನೇ ಕಾಣಲಿಲ್ಲ. ಯಾವ ತಕ್ಕಡಿಯಲ್ಲಿ ತೂಗೋಣ?

ಈ ತೂಕವನ್ನು ಯಂತ್ರದಿಂದ ಮಾಡಿಸಿದ್ದೂ ಉಂಟು. ಮಾರ್ಸಿಯಾನೊ ಮತ್ತು ಮುಹಮ್ಮದ್ ಅಲಿಯವರ ನಡುವೆ ಗೆಲ್ಲುವವರು ಯಾರೆಂದು ಕಂಪ್ಯೂಟರನ್ನು ಕೇಳಿ, ಇಬ್ಬರನ್ನೂ ಕಣದಲ್ಲಿ ನಟಿಸುವಂತೆ ಮಾಡಿ, ೧೯೭೦ರಲ್ಲಿ ಚಿತ್ರವಾಗಿ ತೋರಿಸಿದರು. ಅಮೆರಿಕದ ಪ್ರೇಕ್ಷಕರು ಕಂಡ ಚಿತ್ರದಲ್ಲಿ ಮಾರ್ಸಿಯಾನೊ ಗೆದ್ದನು. ಯೂರೋಪಿನಲ್ಲಿ ತೋರಿಸಿದ ಚಿತ್ರದಲ್ಲಿ ಅಲಿ ಗೆದ್ದನು! ಯಂತ್ರವೂ ನೋಡುವವರ ಮನಸ್ಸನ್ನೇ ಅನುಸರಿಸಿತೆಂದರೆ, ಅರಳಿಕಟ್ಟೆಯ ಮೇಲೆ ಕುಳಿತು ತೀರ್ಪು ಹೇಳುವ ನಮ್ಮ ಪಾಡೇನು?

ಇನ್ನೊಂದು ಮಾತು. ಕಣಕ್ಕೆ ಇಳಿಯಲು ಯಾರಿಗೆ ಅವಕಾಶವಿತ್ತು ಎಂಬುದನ್ನು ಹೊಗಳುವ ಮೊದಲು ಕೇಳಬೇಕು. ವಜ್ರಮುಷ್ಟಿ ಜಟ್ಟಿ ಮನೆತನಗಳಿಗೆ ಸೇರಿದ ವಿದ್ಯೆ. ಸಲಿವನ್ನನು ಕರಿಯರೊಡನೆ ಪಟ್ಟಕ್ಕಾಗಿ ಕಾದಾಡಲು ಒಪ್ಪಲಿಲ್ಲ. ೧೯೦೮ರಲ್ಲಿ ಜ್ಯಾಕ್ ಜಾನ್ಸನ್ ಗೆಲ್ಲುವವರೆಗೆ ಯಾವ ಕರಿಯನೂ ಹೆವಿವೇಟ್ ಪಟ್ಟಕ್ಕೆ ಏರಲಿಲ್ಲ. ಹೆಂಗಸರ ಬಾಕ್ಸಿಂಗ್ ಒಲಿಂಪಿಕ್ಸಿಗೆ ಬಂದದ್ದು ೨೦೧೨ರಲ್ಲಿ. ಆ ವರ್ಷವೇ ಮಣಿಪುರದ ಮೇರಿ ಕೋಮ್ ಕಂಚಿನ ಪದಕ ಪಡೆದರು. ೨೦೦೨ರಿಂದ ೨೦೧೮ರೊಳಗೆ ಆರು ಬಾರಿ ವಿಶ್ವ ಚಾಂಪಿಯನ್ ಆದರು. ನೆರೆಯ ತೆಲಂಗಾಣದ ನಿಜಾಮಾಬಾದಿನ ನಿಖತ್ ಜರೀನ್ ೨೦೨೨ ಮತ್ತು ೨೦೨೩ರಲ್ಲಿ ವಿಶ್ವ ಪಟ್ಟ ಗೆದ್ದರು. ಇವರನ್ನು ಹಿಂದಿನ ಯಾರಿಗೆ ಹೋಲಿಸೋಣ? ಹಿಂದಿನ ಕಾಲವು ಇಂಥವರಿಗೆ ಬಾಗಿಲನ್ನೇ ತೆರೆದಿರಲಿಲ್ಲ. ಎಲ್ಲರಿಗೂ ತೆರೆದ ಕಣದಲ್ಲಿ ಮೊದಲಿಗನಾಗುವುದು ಕೆಲವರಿಗೇ ಮೀಸಲಾದ ಕಣದಲ್ಲಿ ಮೊದಲಿಗನಾಗುವುದಕ್ಕಿಂತ ಕಷ್ಟ.

ಕಾಲಕ್ಕೆ ತಕ್ಕ ಕೋಲ ಎಂಬ ಗಾದೆ ನಮ್ಮಲ್ಲಿಯೇ ಇದೆ. ಒಬ್ಬ ವೀರನು ತನ್ನ ಕಾಲದ ನಿಯಮದಲ್ಲಿ, ತನ್ನ ಕಾಲದ ಎದುರಾಳಿಗಳ ಮುಂದೆ ಎಷ್ಟು ಎತ್ತರ ಏರಿದನೆಂದು ಕೇಳಿದರೆ ಉತ್ತರ ದೊರೆಯುತ್ತದೆ. ಜೋ ಲೂಯಿ ೧೯೩೭ರಿಂದ ೧೯೪೯ರವರೆಗೆ ೨೫ ಬಾರಿ ಪಟ್ಟವನ್ನು ಉಳಿಸಿಕೊಂಡದ್ದು ಅಂಥ ಎತ್ತರ. ಮೇರಿ ಕೋಮ್ ಅವರ ಆರು ಪಟ್ಟಗಳೂ ಅಂಥವೇ.

ಇಷ್ಟೆಲ್ಲ ಹೇಳಲು ಕಾರಣವಿದೆ. ನಿಯಮಗಳು ಹೆಚ್ಚಾದುದನ್ನು ನಾವು ಅಳ್ಳೆದೆಯೆಂದು ತಿಳಿಯುತ್ತೇವೆ. ೧೯೮೨ರಲ್ಲಿ ಕೊರಿಯದ ಡುಕ್ ಕೂ ಕಿಮ್ ಎಂಬ ತರುಣ ಹದಿನಾಲ್ಕನೆಯ ಸುತ್ತಿನಲ್ಲಿ ಕೆಳಗೆ ಬಿದ್ದು ಕೆಲವೇ ದಿನಗಳಲ್ಲಿ ತೀರಿಕೊಂಡನು. ಆಮೇಲೆಯೇ ಪಟ್ಟದ ಪಂದ್ಯಗಳು ೧೫ರಿಂದ ೧೨ ಸುತ್ತಿಗೆ ಇಳಿದುದು. ಒಂದೊಂದು ನಿಯಮದ ಹಿಂದೆಯೂ ಹೀಗೆ ಯಾವನೋ ಒಬ್ಬ ತಾಯಿಯ ಮಗನಿದ್ದಾನೆ. ನಮ್ಮ ಹಳ್ಳಿಗಳ ಹುಡುಗರು ಪೊಲೀಸಿಗೋ ಸೈನ್ಯಕ್ಕೋ ಸೇರುವ ಆಸೆಯಿಂದ ಬೆಳಗಿನ ಜಾವ ಎದ್ದು ಮೈ ಹುರಿಗೊಳಿಸುತ್ತಾರೆ. ಅವರಲ್ಲೊಬ್ಬನು ತಲೆಗೆ ಪೆಟ್ಟು ಬಿದ್ದು ಕಣ್ಣು ಕತ್ತಲೆ ಬಂದಾಗ ಪಕ್ಕಕ್ಕೆ ಕುಳಿತರೆ, ಹಿಂದಿನ ಜಟ್ಟಿಗಳ ಹೆಸರೆತ್ತಿ ಅವನನ್ನು ಹೇಡಿಯೆಂದು ಹಂಗಿಸಬಾರದು. ಮೊದಲು ಅವನನ್ನು ವೈದ್ಯರ ಬಳಿಗೆ ಕರೆದೊಯ್ಯಬೇಕು.