ಎರಡು ಗ್ರಾಫಿಕ್ಸ್ ಕಾರ್ಡ್ ಇರುವ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಒಗ್ಗುವುದಿಲ್ಲವೇ?

"ಎನ್‌ವಿಡಿಯಾ ಕಾರ್ಡ್ ಇದ್ದರೆ ಲಿನಕ್ಸ್ ಆಸೆ ಬಿಟ್ಟುಬಿಡಿ", "ಗೇಮಿಂಗ್ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿದರೆ ಸ್ಕ್ರೀನೇ ಹೋಗುತ್ತದೆ". ಕಂಪ್ಯೂಟರ್ ಬಲ್ಲವರ ಬಾಯಲ್ಲೇ ಇಂಥ ಮಾತು ಕೇಳುತ್ತೇವೆ. ಉಬುಂಟು ಹಾಕಲು ಹೋಗಿ ಕಪ್ಪು ಪರದೆ ಕಂಡವರು ಇದನ್ನು ನಂಬಿದರೆ ಅಚ್ಚರಿಯೇನಿಲ್ಲ.

ಈ ಪ್ರಶ್ನೆಗೆ ಈಗ ಹೆಚ್ಚು ಮಹತ್ವ ಬಂದಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಇಂಟೆಲ್‌ನ ಏಳನೇ ಪೀಳಿಗೆ ಹಾಗೂ ಅದಕ್ಕಿಂತ ಹಳೆಯ ಪ್ರಾಸೆಸರ್‌ಗಳಲ್ಲಿ ಬಹುತೇಕ ಯಾವುದನ್ನೂ ವಿಂಡೋಸ್ 11 ಒಪ್ಪುವುದಿಲ್ಲ. ಹೀಗೆ ಹೊರಗುಳಿದ ಲ್ಯಾಪ್‌ಟಾಪ್‌ಗಳಲ್ಲಿ ಎರಡು ಗ್ರಾಫಿಕ್ಸ್ ಕಾರ್ಡ್ ಇರುವವು ಬಹಳಷ್ಟಿವೆ. ಅವು ಗುಜರಿಗೆ ಹೋಗಬೇಕೇ, ಇನ್ನಷ್ಟು ವರ್ಷ ಬಾಳಬೇಕೇ ಎನ್ನುವುದನ್ನು ಕೆಲವೊಮ್ಮೆ ಈ ತಪ್ಪು ಕಲ್ಪನೆಯೇ ತೀರ್ಮಾನಿಸಿಬಿಡುತ್ತದೆ.

ಎರಡು ಕಾರ್ಡ್ ಏಕೆ ಬೇಕು?

ಪರದೆಯ ಮೇಲೆ ಕಾಣುವುದನ್ನೆಲ್ಲ ಲೆಕ್ಕ ಹಾಕಿ ಚಿತ್ರಿಸುವುದು ಗ್ರಾಫಿಕ್ಸ್ ಚಿಪ್‌ನ ಕೆಲಸ. ಇಂಟೆಲ್ ಅಥವಾ ಎಎಂಡಿ ಪ್ರಾಸೆಸರ್‌ನ ಒಳಗೇ ಒಂದು ಸಣ್ಣ ಗ್ರಾಫಿಕ್ಸ್ ಚಿಪ್ ಇರುತ್ತದೆ. ಅದು ಕಡಿಮೆ ವಿದ್ಯುತ್ ಬಳಸುತ್ತದೆ. ಪತ್ರ ಬರೆಯಲು, ವಿಡಿಯೋ ನೋಡಲು ಅಷ್ಟು ಸಾಕು. ಆಟ ಆಡಲು, ತ್ರೀಡಿ ವಿನ್ಯಾಸ ಮಾಡಲು ಹೆಚ್ಚು ಶಕ್ತಿ ಬೇಕು. ಅದಕ್ಕೆಂದು ತಯಾರಕರು ಎನ್‌ವಿಡಿಯಾ ಅಥವಾ ಎಎಂಡಿಯ ಪ್ರತ್ಯೇಕ ಚಿಪ್ ಒಂದನ್ನೂ ಅಳವಡಿಸುತ್ತಾರೆ. ಅದಕ್ಕೆ ತನ್ನದೇ ಮೆಮೊರಿ ಇರುತ್ತದೆ. ಬಿಸಿ ಹೆಚ್ಚು, ಬ್ಯಾಟರಿಯ ಖರ್ಚೂ ಹೆಚ್ಚು.

ಮೊದಮೊದಲು ಒಂದರಿಂದ ಇನ್ನೊಂದಕ್ಕೆ ಹೋಗುವ ಕೆಲಸವನ್ನು ಬಳಕೆದಾರರೇ ಮಾಡಬೇಕಿತ್ತು. 2006ರ ಸೋನಿ ವಯೋ ಎಸ್‌ಜೆಡ್ ಸರಣಿಯಲ್ಲಿ ಇದಕ್ಕಾಗಿಯೇ ಒಂದು ಸ್ವಿಚ್ ಇತ್ತು. ಅದನ್ನು ಸರಿಸಿ ಕಂಪ್ಯೂಟರನ್ನು ಮತ್ತೆ ಶುರುಮಾಡಬೇಕಿತ್ತು. 2010ರ ಫೆಬ್ರವರಿಯಲ್ಲಿ ಎನ್‌ವಿಡಿಯಾ 'ಆಪ್ಟಿಮಸ್' ತಂತ್ರಜ್ಞಾನವನ್ನು ಪ್ರಕಟಿಸಿತು. ಅಲ್ಲಿಂದ ಈ ಆಯ್ಕೆಯನ್ನು ತಂತ್ರಾಂಶವೇ ಮಾಡತೊಡಗಿತು.

ತೊಡಕು ಇರುವುದು ಎಲ್ಲಿ?

ಆಪ್ಟಿಮಸ್ ಮಾದರಿಯ ಲ್ಯಾಪ್‌ಟಾಪ್‌ನಲ್ಲಿ ಪರದೆಯ ತಂತಿ ಸಾಮಾನ್ಯವಾಗಿ ಇಂಟೆಲ್ ಚಿಪ್‌ಗೆ ಮಾತ್ರ ಸೇರಿರುತ್ತದೆ. ಎನ್‌ವಿಡಿಯಾ ಚಿಪ್ ಚಿತ್ರ ಬಿಡಿಸುತ್ತದೆ, ಆದರೆ ತೋರಿಸಲು ಅದಕ್ಕೆ ಪರದೆಯಿಲ್ಲ. ಬಿಡಿಸಿದ ಪ್ರತಿ ಚಿತ್ರವನ್ನೂ ಇಂಟೆಲ್ ಚಿಪ್ ಬಳಸುವ ಮೆಮೊರಿಗೆ ನಕಲಿಸಬೇಕು, ಆಮೇಲೆ ಅದು ಪರದೆಗೆ ಬರುತ್ತದೆ. ಅಡುಗೆಮನೆ ಎರಡಿದ್ದು ಬಡಿಸುವ ಬಾಗಿಲು ಒಂದೇ ಇದ್ದ ಹಾಗೆ.

ಅಂದರೆ ಎರಡು ಬೇರೆ ಕಂಪನಿಗಳ ಡ್ರೈವರ್‌ಗಳು ಒಂದಕ್ಕೊಂದು ಚಿತ್ರ ದಾಟಿಸಬೇಕು. ವಿಂಡೋಸ್‌ನಲ್ಲಿ ಈ ಏರ್ಪಾಟನ್ನು ಎನ್‌ವಿಡಿಯಾ ತಾನೇ ಮಾಡಿಕೊಟ್ಟಿತು. ಲಿನಕ್ಸ್‌ಗೆ ಮೊದಲ ವರ್ಷಗಳಲ್ಲಿ ಅದು ಸಿಗಲಿಲ್ಲ. 2012ರ ಜೂನ್‌ನಲ್ಲಿ ಫಿನ್‌ಲೆಂಡಿನ ಆಲ್ಟೋ ವಿಶ್ವವಿದ್ಯಾಲಯದಲ್ಲಿ ಸಭಿಕರೊಬ್ಬರು ಆಪ್ಟಿಮಸ್ ಲ್ಯಾಪ್‌ಟಾಪ್‌ನ ಕಷ್ಟ ಹೇಳಿಕೊಂಡಾಗ, ಲಿನಕ್ಸ್‌ನ ಜನಕ ಲೀನಸ್ ಟೋರ್ವಾಲ್ಡ್ಸ್ ಕ್ಯಾಮೆರಾದತ್ತ ತಿರುಗಿ ಎನ್‌ವಿಡಿಯಾಗೆ ನಡುಬೆರಳು ತೋರಿಸಿದ್ದು ಪ್ರಸಿದ್ಧವಾಯಿತು. 'ಎನ್‌ವಿಡಿಯಾ ಇದ್ದರೆ ಲಿನಕ್ಸ್ ಇಲ್ಲ' ಎನ್ನುವ ನಂಬಿಕೆ ಬೇರೂರಿದ್ದು ಆ ಕಾಲದಲ್ಲಿ.

ಆಗ ಬಳಕೆದಾರರೇ ಕೂಡಿ 'ಬಂಬಲ್‌ಬೀ' ಎಂಬ ಪರಿಹಾರ ಕಟ್ಟಿಕೊಂಡಿದ್ದರು. 2011ರಲ್ಲಿ ಅದರ ಒಂದು ಸ್ಕ್ರಿಪ್ಟ್‌ನಲ್ಲಿ ಒಂದೇ ಒಂದು ಖಾಲಿ ಜಾಗ ತಪ್ಪಿ ನುಸುಳಿತ್ತು. ಪರಿಣಾಮವಾಗಿ ಅದು ಒಂದು ಸಣ್ಣ ಫೋಲ್ಡರ್‌ನ ಬದಲು ವ್ಯವಸ್ಥೆಯ ತಂತ್ರಾಂಶಗಳೆಲ್ಲ ಇರುವ ಇಡೀ ಫೋಲ್ಡರನ್ನೇ ಅಳಿಸಿಹಾಕುತ್ತಿತ್ತು! ದೋಷವನ್ನು ಸರಿಪಡಿಸಲಾಯಿತು. ಆದರೆ ಹಳೆಯ ಪುಟಗಳಲ್ಲಿ ಸಿಗುವ ಕಮ್ಯಾಂಡ್‌ಗಳನ್ನು ಕಣ್ಣುಮುಚ್ಚಿ ನಕಲಿಸಬಾರದು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಈಗ ಏನು ಬದಲಾಗಿದೆ?

ಒಂದು ಚಿಪ್ ಬಿಡಿಸಿದ ಚಿತ್ರವನ್ನು ಇನ್ನೊಂದಕ್ಕೆ ದಾಟಿಸುವ 'ಪ್ರೈಮ್' ಎಂಬ ವ್ಯವಸ್ಥೆ ಲಿನಕ್ಸ್‌ನಲ್ಲೇ ಸೇರಿಕೊಂಡಿತು. 2019ರಲ್ಲಿ ಎನ್‌ವಿಡಿಯಾದ 435 ಸರಣಿಯ ಡ್ರೈವರ್ ಕೂಡ, ಬೇಕಾದ ತಂತ್ರಾಂಶವನ್ನು ಮಾತ್ರ ದೊಡ್ಡ ಚಿಪ್‌ನಲ್ಲಿ ನಡೆಸುವ ಸೌಲಭ್ಯ ಕೊಟ್ಟಿತು. 2022ರ ಮೇ ತಿಂಗಳಲ್ಲಿ ಕಂಪನಿ ತನ್ನ ಡ್ರೈವರ್‌ನ ಕರ್ನೆಲ್ ಭಾಗದ ಆಕರವನ್ನೂ ಮುಕ್ತವಾಗಿ ಪ್ರಕಟಿಸಿತು. ಎರಡನೆಯ ಚಿಪ್ ಎಎಂಡಿಯದ್ದಾದರೆ ಕೆಲಸ ಇನ್ನೂ ಸುಲಭ. ಅದರ ಡ್ರೈವರ್ ಕರ್ನೆಲ್ ಜೊತೆಗೇ ಬರುತ್ತದೆ, ಬೇರೆಯಾಗಿ ಹಾಕಬೇಕಿಲ್ಲ.

ಹಾಗಾದರೆ ಕಪ್ಪು ಪರದೆ ಏಕೆ?

ಎನ್‌ವಿಡಿಯಾದ ಸ್ವಂತ ಡ್ರೈವರ್ ಸಿಗುವವರೆಗೆ ಲಿನಕ್ಸ್ 'ನೂವೋ' ಎಂಬ ಮುಕ್ತ ಡ್ರೈವರನ್ನು ಬಳಸುತ್ತದೆ. ಇದನ್ನು ಸ್ವಯಂಸೇವಕರು ಬಹುಪಾಲು ಕಂಪನಿಯ ನೆರವಿಲ್ಲದೆ ಕಟ್ಟಿದ್ದಾರೆ. ಕೆಲವು ಕಾರ್ಡ್‌ಗಳನ್ನು ಎಬ್ಬಿಸುವಾಗ ಅದು ಮುಗ್ಗರಿಸಿ ಇಡೀ ಕಂಪ್ಯೂಟರನ್ನೇ ನಿಲ್ಲಿಸಿಬಿಡುತ್ತದೆ. ಪರದೆ ಕಪ್ಪಾಗಲು ಮುಖ್ಯ ಕಾರಣ ಇದು. ಕಾರ್ಡ್ ಸುಟ್ಟುಹೋಗಿಲ್ಲ, ಪರದೆಗೂ ಏನೂ ಆಗಿಲ್ಲ. ಪವರ್ ಬಟನ್ ಒತ್ತಿಹಿಡಿದು ಆಫ್ ಮಾಡಿ, ಪೆನ್‌ಡ್ರೈವ್ ತೆಗೆದು ಮತ್ತೆ ಶುರುಮಾಡಿದರೆ ಹಳೆಯ ವಿಂಡೋಸ್ ಎಂದಿನಂತೆ ತೆರೆದುಕೊಳ್ಳುತ್ತದೆ.

ಅಳವಡಿಸುವ ಕ್ರಮ

ಮೊದಲು ಬ್ಯಾಕಪ್. ಡಿಸ್ಕ್‌ನಲ್ಲಿ ಜಾಗ ಹಂಚುವಾಗ ಒಂದು ಕ್ಲಿಕ್ ತಪ್ಪಿದರೂ ವರ್ಷಗಳ ಫೋಟೋ, ಪ್ರಾಜೆಕ್ಟ್ ವರದಿ ಹೋದಂತೆಯೇ. ಕಪ್ಪು ಪರದೆಗಿಂತ ನಿಜವಾಗಿ ಹೆದರಬೇಕಾದದ್ದು ಇದಕ್ಕೆ. ವಿಂಡೋಸ್ ಉಳಿಸಿಕೊಳ್ಳುವುದಾದರೆ ಬಿಟ್‌ಲಾಕರ್ ಬೀಗ ಇದೆಯೇ ನೋಡಿ, ಅದರ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಬೂಟ್ ಸೆಟ್ಟಿಂಗ್ ಬದಲಾದಾಗ ವಿಂಡೋಸ್ ಆ 48 ಅಂಕಿಗಳ ಕೀ ಕೇಳಬಹುದು. ಅದಿಲ್ಲದಿದ್ದರೆ ಕಡತಗಳು ತೆರೆಯುವುದಿಲ್ಲ.

ಎರಡನೆಯದು ಪರೀಕ್ಷೆ. ಉಬುಂಟು, ಮಿಂಟ್‌ನಂಥ ವಿತರಣೆಗಳನ್ನು ಅಳವಡಿಸುವ ಮೊದಲೇ ಪೆನ್‌ಡ್ರೈವ್‌ನಿಂದ ನಡೆಸಿ ನೋಡಬಹುದು. ವೈಫೈ, ಧ್ವನಿ, ಟಚ್‌ಪ್ಯಾಡ್ ಸರಿಯಿವೆಯೇ ಎಂದು ಅಲ್ಲೇ ಗೊತ್ತಾಗುತ್ತದೆ. ಪರದೆ ಕಪ್ಪಾದರೆ, ಮತ್ತೆ ಶುರುಮಾಡಿ ಮೊದಲ ಮೆನುವಿನಲ್ಲಿ 'ಸೇಫ್ ಗ್ರಾಫಿಕ್ಸ್' ಎಂಬ ಆಯ್ಕೆ ಆರಿಸಿ. ಅದು ಮಾಡುವುದು ಇಷ್ಟೇ: ಕರ್ನೆಲ್‌ಗೆ 'ನೋಮೋಡ್‌ಸೆಟ್' ಎಂಬ ಸೂಚನೆ ಕೊಡುತ್ತದೆ. ಆಗ ಗ್ರಾಫಿಕ್ಸ್ ಡ್ರೈವರ್‌ಗಳು ಸುಮ್ಮನಿರುತ್ತವೆ, ಕಂಪ್ಯೂಟರ್ ಶುರುವಾಗುವಾಗ ಇರುವ ಸರಳ ಚಿತ್ರವ್ಯವಸ್ಥೆಯೇ ಮುಂದುವರಿಯುತ್ತದೆ.

ಮೂರನೆಯದು ಡ್ರೈವರ್. ಅಳವಡಿಕೆ ಮುಗಿದ ಮೇಲೆ ಎನ್‌ವಿಡಿಯಾ ಜಾಲತಾಣದಿಂದ ಕಡತ ಇಳಿಸಿಕೊಳ್ಳುವ ಅಗತ್ಯವಿಲ್ಲ. ಉಬುಂಟುವಿನಲ್ಲಿ 'ಅಡಿಷನಲ್ ಡ್ರೈವರ್ಸ್', ಮಿಂಟ್‌ನಲ್ಲಿ 'ಡ್ರೈವರ್ ಮ್ಯಾನೇಜರ್' ತೆರೆದು, ಶಿಫಾರಸು ಮಾಡಿರುವ ಡ್ರೈವರನ್ನು ಆರಿಸಿದರೆ ಸಾಕು. ಹೀಗೆ ಹಾಕಿದರೆ ಕರ್ನೆಲ್ ನವೀಕರಣವಾದಾಗ ಡ್ರೈವರ್ ಕೂಡ ಜೊತೆಗೇ ಹೊಂದಿಕೊಳ್ಳುತ್ತದೆ.

ಬಹಳ ಜನ ಎಡವುವುದು ಇಲ್ಲಿ. ಸೆಕ್ಯೂರ್ ಬೂಟ್ ಚಾಲೂ ಇದ್ದರೆ ಡ್ರೈವರ್ ಹಾಕುವಾಗ ಒಂದು ಪಾಸ್‌ವರ್ಡ್ ಕೇಳುತ್ತದೆ. ಮತ್ತೆ ಶುರುವಾಗುವಾಗ ನೀಲಿ ಬಣ್ಣದ ತೆರೆಯೊಂದು ಬರುತ್ತದೆ. ಅದನ್ನು ದೋಷವೆಂದು ತಿಳಿದು 'ಕಂಟಿನ್ಯೂ' ಒತ್ತಿದರೆ ಡ್ರೈವರ್ ಕೆಲಸ ಮಾಡುವುದಿಲ್ಲ. 'ಎನ್‌ರೋಲ್ ಎಂಒಕೆ' ಆರಿಸಿ ಅದೇ ಪಾಸ್‌ವರ್ಡ್ ಕೊಡಬೇಕು. ಈ ಡ್ರೈವರನ್ನು ನಂಬಬಹುದು ಎಂದು ಕಂಪ್ಯೂಟರ್‌ಗೆ ನಾವು ಹೇಳುವ ರೀತಿ ಅದು.

ಯಾವ ಕ್ರಮದಲ್ಲಿ ಇಡಬೇಕು?

ಡ್ರೈವರ್ ಹಾಕಿದ ಮೇಲೆ ಉಬುಂಟು, ಮಿಂಟ್‌ಗಳಲ್ಲಿ ಮೂರು ಆಯ್ಕೆ ಸಿಗುತ್ತವೆ. ಇಂಟೆಲ್ ಮಾತ್ರ ಎಂದರೆ ಬ್ಯಾಟರಿ ಹೆಚ್ಚು ಹೊತ್ತು ಬರುತ್ತದೆ. ಎನ್‌ವಿಡಿಯಾ ಮಾತ್ರ ಎಂದರೆ ವೇಗ ಹೆಚ್ಚು, ಬಿಸಿಯೂ ಹೆಚ್ಚು. ಮೂರನೆಯದು 'ಆನ್ ಡಿಮ್ಯಾಂಡ್': ಎಲ್ಲವೂ ಇಂಟೆಲ್‌ನಲ್ಲಿ ನಡೆಯುತ್ತದೆ, ಕೇಳಿದಾಗ ಮಾತ್ರ ದೊಡ್ಡ ಚಿಪ್ ಎದ್ದು ಬರುತ್ತದೆ. ಉಬುಂಟುವಿನಲ್ಲಿ ತಂತ್ರಾಂಶದ ಚಿತ್ರಿಕೆಯ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್‌ನಲ್ಲಿ ತೆರೆಯುವ ಆಯ್ಕೆ ಒತ್ತಬಹುದು. ಹೆಚ್ಚಿನವರಿಗೆ ಈ ಮೂರನೆಯದೇ ಸೂಕ್ತ.

ಒಂದು ಎಚ್ಚರಿಕೆ: ಹಲವು ಲ್ಯಾಪ್‌ಟಾಪ್‌ಗಳಲ್ಲಿ ಎಚ್‌ಡಿಎಂಐ ಕಿಂಡಿ ಎನ್‌ವಿಡಿಯಾ ಚಿಪ್‌ಗೆ ಸೇರಿರುತ್ತದೆ. ಅಂಥವುಗಳಲ್ಲಿ 'ಇಂಟೆಲ್ ಮಾತ್ರ' ಎಂದಿಟ್ಟರೆ ಪ್ರೊಜೆಕ್ಟರ್, ಟಿವಿಯಲ್ಲಿ ಏನೂ ಕಾಣುವುದಿಲ್ಲ. ಸೆಮಿನಾರ್‌ಗೆ ಹೋಗುವ ಮುನ್ನವೇ ನೋಡಿಕೊಳ್ಳುವುದು ಒಳ್ಳೆಯದು.

ಇನ್ನೆರಡು ತಪ್ಪು ಕಲ್ಪನೆಗಳು

"ಡ್ರೈವರ್ ಹಾಕದಿದ್ದರೆ ದೊಡ್ಡ ಕಾರ್ಡ್ ಮಲಗಿರುತ್ತದೆ, ಬ್ಯಾಟರಿ ಉಳಿಯುತ್ತದೆ." ಹಾಗೇನಿಲ್ಲ. ಮಲಗು ಎಂದು ಹೇಳಲು ಸಹ ಡ್ರೈವರ್ ಬೇಕಾಗಬಹುದು. ಹೇಳುವವರಿಲ್ಲದಿದ್ದರೆ ಅದು ಸುಮ್ಮನೆ ಎಚ್ಚರವಿದ್ದು ಬ್ಯಾಟರಿ ಹೀರುತ್ತಿರಬಹುದು.

"ನೋಮೋಡ್‌ಸೆಟ್ ಹಾಕಿದರೆ ಸಮಸ್ಯೆ ಶಾಶ್ವತವಾಗಿ ಮುಗಿಯಿತು." ಇದೂ ಸರಿಯಲ್ಲ. ಅದು ತಾತ್ಕಾಲಿಕ ಊರುಗೋಲು. ಅದನ್ನು ಹಾಗೇ ಬಿಟ್ಟರೆ ಇಂಟೆಲ್ ಡ್ರೈವರ್ ಕೂಡ ಸುಮ್ಮನಿದ್ದುಬಿಡುತ್ತದೆ. ಪರದೆಯ ಬೆಳಕು ಹೊಂದಿಸಲು ಆಗದಿರಬಹುದು, ವಿಡಿಯೋ ತಡವರಿಸಬಹುದು. ಸರಿಯಾದ ಡ್ರೈವರ್ ಕುಳಿತ ಮೇಲೆ ಅದನ್ನು ತೆಗೆದುಬಿಡಬೇಕು.

ಮಿತಿಗಳೂ ಇವೆ. ಕೆಪ್ಲರ್ ಪೀಳಿಗೆಯ ಹಳೆಯ ಎನ್‌ವಿಡಿಯಾ ಕಾರ್ಡ್‌ಗಳಿಗೆ 470 ಸರಣಿಯ ಡ್ರೈವರೇ ಕೊನೆಯದು. ಹೊಸ ಕರ್ನೆಲ್‌ಗಳ ಜೊತೆ ಅದು ಹೊಂದದೇ ಹೋಗಬಹುದು. ಅಂಥ ಲ್ಯಾಪ್‌ಟಾಪ್‌ನಲ್ಲಿ ಇಂಟೆಲ್ ಚಿಪ್ಪನ್ನೇ ನಂಬಿಕೊಂಡು, ದೊಡ್ಡ ಕಾರ್ಡನ್ನು ಮರೆತುಬಿಡುವುದು ಲೇಸು. ಓದಲು, ಬರೆಯಲು, ಪ್ರೋಗ್ರಾಮಿಂಗ್ ಕಲಿಯಲು ಅದೊಂದು ಸಾಕಾಗುತ್ತದೆ.

ಒಟ್ಟಿನಲ್ಲಿ, ಎರಡು ಗ್ರಾಫಿಕ್ಸ್ ಕಾರ್ಡ್ ಇದ್ದರೆ ಲಿನಕ್ಸ್ ನಡೆಯುವುದಿಲ್ಲ ಎನ್ನುವ ಮಾತಿಗೆ 2012ರಲ್ಲಿ ಆಧಾರವಿತ್ತು, ಈಗ ಇಲ್ಲ. ಹಳೆಯ ಲ್ಯಾಪ್‌ಟಾಪನ್ನು ಗುಜರಿಗೆ ಹಾಕುವ ಮುನ್ನ ಒಂದು ಪೆನ್‌ಡ್ರೈವ್, ಒಂದು ಬ್ಯಾಕಪ್, ಒಂದು ಸಂಜೆಯ ಬಿಡುವು ಇಷ್ಟನ್ನು ಹೊಂದಿಸಿಕೊಂಡು ಪ್ರಯತ್ನಿಸಿ ನೋಡಬಹುದು.