ಸವಾರನ ತಪ್ಪು, ರಸ್ತೆಯ ತಪ್ಪು

ಯಶವಂತಪುರದ ಕಡೆಯಿಂದಲೋ ಹೆಬ್ಬಾಳದ ಕಡೆಯಿಂದಲೋ ಕೂಗುತ್ತ ಬರುವ ಆಂಬುಲೆನ್ಸ್ ಬೆಂಗಳೂರಿನ ಮತ್ತಿಕೆರೆಯವರಿಗೆ ಹೊಸದಲ್ಲ. ರಾಮಯ್ಯ ಆಸ್ಪತ್ರೆ ಪಕ್ಕದಲ್ಲೇ ಇದೆ. ಅಪಘಾತದ ಕೇಸಾದರೆ ಒಳಗೆ ಮಲಗಿರುವವರು ಯಾರಿರಬಹುದೆಂದು ದೇಶದ ಲೆಕ್ಕ ನೋಡಿಯೇ ಊಹಿಸಬಹುದು. 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ಶೇ 44.5ರಷ್ಟು ಬೈಕು, ಸ್ಕೂಟರಿನವರು, ಶೇ 19.5ರಷ್ಟು ನಡೆದು ಹೋಗುತ್ತಿದ್ದವರು. ಅದೇ ವರ್ಷ ಕರ್ನಾಟಕದಲ್ಲಿ 11,702 ಜೀವ ಹೋಯಿತು.

1970ರಲ್ಲಿ ದೇಶದಲ್ಲಿ ವರ್ಷಕ್ಕೆ ಸುಮಾರು 14,500 ಇದ್ದ ಸಾವು 2010ಕ್ಕೆ 1.34 ಲಕ್ಷ ದಾಟಿತ್ತು. ಲಾಕ್‌ಡೌನ್ ವರ್ಷದಲ್ಲಿ ಇಳಿದದ್ದು ಮರುವರ್ಷವೇ ಏರಿ, 2023ರಲ್ಲಿ 1.72 ಲಕ್ಷ ಮೀರಿತು. ಗಾಡಿ ಹೆಚ್ಚಿದ ಮೇಲೆ ಸಾವೂ ಹೆಚ್ಚಲೇಬೇಕಲ್ಲ ಎನ್ನುವವರಿದ್ದಾರೆ. ನನಗದು ಒಪ್ಪಿಗೆಯಿಲ್ಲ. ಜಗತ್ತಿನಲ್ಲೂ ಗಾಡಿಗಳು ಹೆಚ್ಚಿವೆ. ಆದರೂ 2010ರಿಂದ 2021ರ ನಡುವೆ ಒಟ್ಟು ಸಾವು ಶೇ 5ರಷ್ಟು ತಗ್ಗಿದೆ.

ಸಂಜೆ ಹೊತ್ತು ಮತ್ತಿಕೆರೆ ಮುಖ್ಯರಸ್ತೆಯಲ್ಲಿ ನಿಂತು ನೋಡಿ. ಫುಟ್‌ಪಾತ್ ಮೇಲೆ ಟ್ರಾನ್ಸ್‌ಫಾರ್ಮರ್, ಅದರಾಚೆ ಸಾಲಾಗಿ ನಿಲ್ಲಿಸಿದ ಬೈಕುಗಳು, ಮುಂದೆ ಕಿತ್ತುಹೋದ ಚಪ್ಪಡಿ. ಮೊಮ್ಮಗನ ಕೈ ಹಿಡಿದ ಅಜ್ಜಿ ಅನಿವಾರ್ಯವಾಗಿ ರಸ್ತೆಗಿಳಿಯುತ್ತಾರೆ. ಮಗುವನ್ನು ಒಳಬದಿಗೆ ಸರಿಸಿ, ತಾವು ಬಸ್ಸಿನ ಕಡೆ ನಡೆಯುತ್ತಾರೆ. ಹಿಂದಿನಿಂದ ಒಂದೇ ಸಮನೆ ಹಾರ್ನ್. ನಾಳೆ ಇಲ್ಲಿ ಹೆಚ್ಚುಕಡಿಮೆಯಾದರೆ ಎಫ್‌ಐಆರ್‌ನಲ್ಲಿ ಬರುವುದು ‘ಅತಿವೇಗ ಮತ್ತು ಅಜಾಗರೂಕತೆಯ ಚಾಲನೆ’. ಟ್ರಾನ್ಸ್‌ಫಾರ್ಮರ್ ಇಟ್ಟವರ ಸುದ್ದಿ ಬರುವುದಿಲ್ಲ.

2022ರ ಸಾವುಗಳಲ್ಲಿ ಶೇ 71ಕ್ಕೂ ಹೆಚ್ಚು ಅತಿವೇಗದ ಲೆಕ್ಕಕ್ಕೇ ಸೇರಿವೆ. ವೇಗ ಕೊಲ್ಲುತ್ತದೆ, ನಿಜ. ಆದರೆ ಮನೆ, ಅಂಗಡಿ, ಬಸ್ ಸ್ಟಾಪ್‌ಗಳ ನಡುವೆ ಆ ವೇಗಕ್ಕೆ ಅವಕಾಶ ಮಾಡಿಕೊಟ್ಟ ರಸ್ತೆ ಹೇಗೆ ನಿರಪರಾಧಿ? ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 198ಎ ಕಲಮು ಇದನ್ನೇ ಕೇಳುತ್ತದೆ: ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯಲ್ಲಿ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯವಾದರೆ ಪ್ರಾಧಿಕಾರಕ್ಕೆ, ಗುತ್ತಿಗೆದಾರನಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ. ಒಂದು ಜೀವಕ್ಕೆ ಲಕ್ಷ ರೂಪಾಯಿ ಏನೇನೂ ಅಲ್ಲ. ಅದನ್ನಾದರೂ ಪ್ರತಿ ಸಾವಿನ ತನಿಖೆಯಲ್ಲಿ ಬಳಸಲಿ.

ಸಾವು ತಗ್ಗಿಸಬಹುದು ಎನ್ನುವುದಕ್ಕೆ ದೂರ ಹೋಗಬೇಕಿಲ್ಲ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ 2023ರಲ್ಲಿ 188 ಮಂದಿ ಸತ್ತಿದ್ದರು. ಆ ಆಗಸ್ಟ್‌ನಿಂದ ಮುಖ್ಯ ಪಥದಲ್ಲಿ ಬೈಕು, ಆಟೊ ನಿಷೇಧವಾಯಿತು. ಆಮೇಲೆ ಕ್ಯಾಮೆರಾಗಳು ಬಂದವು, ದಂಡ ಬಿತ್ತು. 2024ರಲ್ಲಿ ಸಾವು 50ಕ್ಕೆ ಇಳಿಯಿತು. ಶ್ರೀಮಂತರ ಕಾರು ಓಡುವ ಹೆದ್ದಾರಿಗೆ ಸಿಕ್ಕ ಈ ಕಾಳಜಿ ಹೊರವರ್ತುಲ ರಸ್ತೆ ದಾಟಲು ಬಿಇಎಲ್ ಸರ್ಕಲ್‌ನಲ್ಲಿ ಕಾಯುವವರಿಗೂ ಸಿಗಬೇಕು.

ಮತ್ತಿಕೆರೆಯಿಂದ ಯಶವಂತಪುರ ದಾಟಿದರೆ ತುಮಕೂರು ರಸ್ತೆ. 2016ರ ಫೆಬ್ರುವರಿಯಲ್ಲಿ ಅದೇ ರಸ್ತೆಯಲ್ಲಿ, ನೆಲಮಂಗಲದ ಬಳಿ, ಊರಿಗೆ ಹೋಗಿ ಮತ ಹಾಕಿ ಬೈಕಿನಲ್ಲಿ ಮರಳುತ್ತಿದ್ದ ಗುಬ್ಬಿ ತಾಲ್ಲೂಕಿನ ಹರೀಶ್ ನಂಜಪ್ಪ ಅವರ ಮೇಲೆ ಲಾರಿ ಹರಿಯಿತು. ದೇಹ ತುಂಡಾದ ಸ್ಥಿತಿಯಲ್ಲೂ ಅಂಗದಾನ ಮಾಡಿಸಿ ಎಂದು ಕೇಳಿಕೊಂಡ ಹುಡುಗ ಆತ. ಹೆಲ್ಮೆಟ್ ಇದ್ದುದರಿಂದ ಕಣ್ಣುಗಳು ಉಳಿದಿದ್ದವು. ಅವು ಬೇರೆಯವರಿಗೆ ದಾನವಾದವು. ಮರುತಿಂಗಳೇ ಸರ್ಕಾರ ಅವರ ಹೆಸರಿನಲ್ಲಿ ‘ಸಾಂತ್ವನ ಹರೀಶ್’ ಯೋಜನೆ ತಂದು, ಗಾಯಾಳುವಿಗೆ ಮೊದಲ 48 ಗಂಟೆ 25,000 ರೂಪಾಯಿವರೆಗೆ ಉಚಿತ ಚಿಕಿತ್ಸೆ ಘೋಷಿಸಿತು. 2025ರಲ್ಲಿ ಕೇಂದ್ರದ ಯೋಜನೆ ಬಂದು, ಏಳು ದಿನಕ್ಕೆ ಒಂದೂವರೆ ಲಕ್ಷ ರೂಪಾಯಿವರೆಗಿನ ನಗದುರಹಿತ ಚಿಕಿತ್ಸೆ ಸಿಗುವಂತಾಗಿದೆ.

ಇಷ್ಟಾದರೂ, ಗಾಯಾಳುವನ್ನು ಮುಟ್ಟಿದರೆ ಪೊಲೀಸ್ ಸ್ಟೇಷನ್ ಅಲೆಯಬೇಕಲ್ಲ ಎಂಬ ಭಯ ಜನರಲ್ಲಿ ಉಳಿದಿದೆ. ನೆರವಿಗೆ ಬಂದವರನ್ನು ರಕ್ಷಿಸಲು ಕಾನೂನು ಮಾಡಿದ ಮೊದಲ ರಾಜ್ಯವೇ ಕರ್ನಾಟಕ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರು ಹೆಸರು, ವಿಳಾಸ ಹೇಳಲೇಬೇಕೆಂದಿಲ್ಲ; ಸಾಕ್ಷಿಯಾಗಿ ಎಂದು ಯಾರೂ ಬಲವಂತ ಮಾಡುವಂತಿಲ್ಲ.