ನೂರೆಂಬತ್ತು ಜನರಲ್ಲಿ ನನ್ನೇ ಯಾಕೆ ಹಿಡಿದರು?

ಮುಳಬಾಗಿಲಿನಿಂದ ಬೆಂಗಳೂರಿಗೆ ಹೊರಟ ಸರ್ಕಾರಿ ಬಸ್ಸು. ನರಸಾಪುರದ ಹತ್ತಿರ ಎಲ್ಲೋ ರಸ್ತೆ ಬದಿಯಲ್ಲಿ ನಿಂತಿದ್ದ ಇಬ್ಬರು ಕೈ ಅಡ್ಡ ಹಾಕಿದರು ಅನ್ನಿ. ಚೆಕಿಂಗ್‌ನವರು! ಕಂಡಕ್ಟರ್ ಮುಖ ಬಿಗಿಯಾಗುತ್ತದೆ. ಗಂಡಸರು ಜೇಬು ತಡಕುತ್ತಾರೆ. ಹೆಂಗಸರು ‘ಶಕ್ತಿ’ಯ ಸೊನ್ನೆ ಟಿಕೆಟ್ಟನ್ನು ಪರ್ಸಿನಲ್ಲೋ ಸೆರಗಿನ ಗಂಟಿನಲ್ಲೋ ಹುಡುಕುತ್ತಾರೆ. ಟಿಕೆಟ್ ತಗೊಳ್ಳದ ಮಹಾನುಭಾವ ಯಾರಾದರೂ ಇದ್ದರೆ ಮೆಲ್ಲಗೆ ಬಾಗಿಲ ಕಡೆ ಜರುಗುತ್ತಾನೆ.

ಚೆಕಿಂಗ್‌ನವರು ದಿನಾ ಬರುವುದಿಲ್ಲ. ಎಲ್ಲಾ ಬಸ್ಸನ್ನೂ ಹತ್ತುವುದಿಲ್ಲ. ಹಾಗಿದ್ದೂ ಜನ ಟಿಕೆಟ್ ತಗೊಳ್ಳುತ್ತಾರಲ್ಲ, ಯಾಕೆ? ಎಲ್ಲರೂ ಹರಿಶ್ಚಂದ್ರನ ಮೊಮ್ಮಕ್ಕಳು ಅಂತಲ್ಲ. ಯಾವ ದಿನ, ಯಾವ ಬಸ್ಸು ಅನ್ನೋದು ಯಾರಿಗೂ ಗೊತ್ತಿಲ್ಲ, ಅದಕ್ಕೆ.

ಇದೇ ವಿದ್ಯೆ ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲೂ ಉಂಟು. ಅಲ್ಲಿ ಅದಕ್ಕೆ ‘ರ‍್ಯಾಂಡಮ್ ಚೆಕಿಂಗ್’ ಅಂತ ದೊಡ್ಡ ಹೆಸರು. ಇಂಥವರನ್ನೇ ಅಂತ ಗೊತ್ತು ಮಾಡದೆ, ಕಣ್ಣುಮುಚ್ಚಿ ಚೀಟಿ ಎತ್ತಿದ ಹಾಗೆ ಕೆಲವರನ್ನು ಆರಿಸಿ ಮತ್ತೊಮ್ಮೆ ತಪಾಸಣೆ ಮಾಡುವುದು.

2008ರ ಮೇ 24ರಂದು ಬೆಂಗಳೂರಿನ ಹೊಸ ನಿಲ್ದಾಣ ಶುರುವಾದ ಮೇಲೆ ಕೋಲಾರ ಜಿಲ್ಲೆಯವರಿಗೆ ವಿಮಾನ ಹತ್ತಿರವಾಯಿತು. ಹೊಸಕೋಟೆ ಸೂಲಿಬೆಲೆ ಮೇಲೆ ಹೋದರೆ ಊರೊಳಗಿನ ಟ್ರಾಫಿಕ್ಕಿನ ಗೋಳಿಲ್ಲ. ಶ್ರೀನಿವಾಸಪುರದವರು ಚಿಂತಾಮಣಿ ಕಡೆಯಿಂದ ಹೋಗುತ್ತಾರೆ. ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಟ ತಾಯಿ, ಹಜ್ ಯಾತ್ರೆಗೆ ಹೊರಟ ಅಜ್ಜ, ದುಬೈ ಕೆಲಸಕ್ಕೆ ಹೊರಟ ಹುಡುಗ, ದೆಹಲಿ ಮಂಡಿಗೆ ಹೊರಟ ಟೊಮೇಟೊ ವ್ಯಾಪಾರಿ ಎಲ್ಲರೂ ಆ ಕ್ಯೂನಲ್ಲಿ ನಿಲ್ಲುತ್ತಾರೆ. ಅವರಲ್ಲಿ ಒಬ್ಬರನ್ನು ‘ಈ ಕಡೆ ಬನ್ನಿ’ ಅಂತ ಪಕ್ಕಕ್ಕೆ ಕರೆದರೆ ಹೊಟ್ಟೆಯೊಳಗೆ ಏನೋ ಕಿವುಚಿದ ಹಾಗಾಗುತ್ತದೆ. ನೂರೆಂಬತ್ತು ಜನರಲ್ಲಿ ನನ್ನೇ ಯಾಕಪ್ಪಾ ಕರೆದರು? ಪಂಚೆ ಉಟ್ಟಿದ್ದಕ್ಕಾ? ಗಡ್ಡ ಬಿಟ್ಟಿದ್ದಕ್ಕಾ? ಹೆಸರು ನೋಡಿಯಾ? ಇಂಗ್ಲಿಷ್ ಬರೋಲ್ಲ ಅಂತಾನಾ?

ನ್ಯಾಯವಾದ ಪ್ರಶ್ನೆ.

ಟೊಮೇಟೊ ಮಂಡಿಯ ಪಾಠ

ಇದಕ್ಕೆ ಉತ್ತರ ಕೋಲಾರದ ಎಪಿಎಂಸಿ ಯಾರ್ಡಿನಲ್ಲೇ ಸಿಗುತ್ತದೆ. ಹದಿನೈದು ಕೆ.ಜಿ. ಬಾಕ್ಸುಗಳು ಸಾಲಾಗಿ ಕೂತಿವೆ. ಖರೀದಿದಾರ ಎಲ್ಲವನ್ನೂ ಸುರಿದು ನೋಡಲಾರ. ಸುರಿಯುತ್ತಾ ಕೂತರೆ ಹಣ್ಣೂ ಕೆಟ್ಟಿತು, ಹೊತ್ತೂ ಹೋಯಿತು. ಅವನು ನಡುವಿನ ಯಾವುದೋ ಒಂದು ಬಾಕ್ಸಿಗೆ ಕೈ ಹಾಕಿ ತಳದ ಹಣ್ಣು ಎತ್ತುತ್ತಾನೆ. ಅವನು ಯಾವ ಬಾಕ್ಸಿಗೆ ಕೈ ಹಾಕುತ್ತಾನೆ ಅಂತ ಮೊದಲೇ ಗೊತ್ತಿದ್ದರೆ ಏನಾಗುತ್ತಿತ್ತು? ಆ ಬಾಕ್ಸಿನಲ್ಲಿ ಮೇಲಿಂದ ತಳದವರೆಗೂ ಚಿನ್ನದಂಥ ಹಣ್ಣು, ಮಿಕ್ಕದ್ದರಲ್ಲಿ ದೇವರೇ ಗತಿ!

ಕಣ್ಣುಮುಚ್ಚಿ ಆರಿಸುವುದರ ಗುಟ್ಟು ಇಷ್ಟೇ. ಹತ್ತಕ್ಕೊಬ್ಬರನ್ನು ಆರಿಸಿದರೆ ಒಂದು ಸಲ ತಪ್ಪಿಸಿಕೊಳ್ಳುವ ಅವಕಾಶ ನೂರಕ್ಕೆ ತೊಂಬತ್ತು. ಕಳ್ಳನಿಗೆ ಇದು ಲಾಭದ ವ್ಯಾಪಾರವೇ. ಆದರೆ ಹತ್ತು ಸಲ ಓಡಾಡಿದರೆ ಒಂದು ಸಲವೂ ಸಿಕ್ಕಿಬೀಳದೆ ಉಳಿಯುವ ಅವಕಾಶ ನೂರಕ್ಕೆ ಮೂವತ್ತೈದಕ್ಕೆ ಇಳಿಯುತ್ತದೆ. ಮೂವತ್ತು ಸಲ ಓಡಾಡಿದರೆ ನೂರಕ್ಕೆ ನಾಲ್ಕು ಉಳಿದರೆ ಹೆಚ್ಚು. ಚೀಟಿ ವ್ಯವಹಾರ ಮಾಡುವ ಅಂಗಡಿಯವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ.

‘ಪ್ರತಿ ಹತ್ತನೆಯವರು’ ಅಂತ ನೇರವಾಗಿ ಎಣಿಸಿದರೆ ಮಾತ್ರ ಆಟ ಕೆಟ್ಟಿತು. ಚಾಲಾಕಿ ಮನುಷ್ಯ ತಾನೂ ಎಣಿಸುತ್ತಾನೆ. ಎಂಟನೆಯವನಾಗೋ ಹನ್ನೊಂದನೆಯವನಾಗೋ ಕ್ಯೂನಲ್ಲಿ ಜಾಗ ಬದಲಾಯಿಸುತ್ತಾನೆ. ಅದಕ್ಕೇ ಕೆಲವು ದೇಶಗಳಲ್ಲಿ ಬಾಗಿಲಿನ ಚೌಕಟ್ಟಿನಂಥ ಯಂತ್ರಕ್ಕೇ ಈ ಕೆಲಸ ಒಪ್ಪಿಸಿದ್ದಾರೆ. ಮೈಮೇಲೆ ಕಬ್ಬಿಣದ ಚೂರೂ ಇಲ್ಲದಿದ್ದರೂ ಆಗೊಮ್ಮೆ ಈಗೊಮ್ಮೆ ತನ್ನಷ್ಟಕ್ಕೆ ತಾನೇ ಕೂಗುತ್ತದೆ. ಅಮೆರಿಕದಲ್ಲಿ ಒಂದು ಕಾಲಕ್ಕೆ ಸಿಬ್ಬಂದಿ ಕೈಗೆ ಐಪ್ಯಾಡ್ ಕೊಟ್ಟಿದ್ದರು. ಬೆರಳಿಂದ ಒತ್ತಿದರೆ ಬಾಣದ ಗುರುತು ಎಡಕ್ಕೋ ಬಲಕ್ಕೋ ತೋರಿಸಬೇಕು. ಬಾಣ ತೋರಿಸಿದ ಸಾಲಿಗೆ ಪ್ರಯಾಣಿಕ ಹೋಗಬೇಕು. ನಾಣ್ಯ ಚಿಮ್ಮಿದರೂ ಇದೇ ಕೆಲಸ ಆಗುತ್ತಿತ್ತು ಅಂತ ಅಲ್ಲಿನವರೇ ನಕ್ಕರು.

ನಮ್ಮಲ್ಲಿ ಎಲ್ಲರಿಗೂ ಒಂದು ಸುತ್ತು

ಇಂಡಿಯಾದಲ್ಲಿ ಒಂದು ವಿಶೇಷ. ಮೊದಲ ಸುತ್ತಿನಲ್ಲಿ ಆರಿಸುವ ಮಾತೇ ಇಲ್ಲ. ಬ್ಯಾಗಿಗೆ ಎಕ್ಸ್-ರೇ, ಮನುಷ್ಯರಿಗೆ ಯಂತ್ರದ ತಪಾಸಣೆ, ಕೋಟ್ಯಧೀಶನಿಗೂ ಕೂಲಿಯವನಿಗೂ ಒಂದೇ. ಹೆಂಗಸರನ್ನು ಹೆಂಗಸರೇ, ಪರದೆಯ ಮರೆಯಲ್ಲಿ, ತಪಾಸಣೆ ಮಾಡಬೇಕು.

ಇದು ಸುಮ್ಮನೆ ಬಂದ ನಿಯಮವಲ್ಲ. 1971ರ ಜನವರಿ 30ರಂದು ಇಂಡಿಯನ್ ಏರ್‌ಲೈನ್ಸಿನ ‘ಗಂಗಾ’ ವಿಮಾನವನ್ನು ಇಬ್ಬರು ಲಾಹೋರಿಗೆ ಅಪಹರಿಸಿಕೊಂಡು ಹೋದರು. ಅವರ ಕೈಲಿದ್ದದ್ದು ಆಟದ ಪಿಸ್ತೂಲು, ಮರದ ಗ್ರೆನೇಡು! 1976ರಲ್ಲಿ ಮತ್ತೊಂದು ವಿಮಾನ ಹೋಯಿತು. ಆಮೇಲೆ 1978ರಲ್ಲಿ ಇದಕ್ಕೆಂದೇ ಬಿಸಿಎಎಸ್ ಅನ್ನೋ ಕೇಂದ್ರದ ಭದ್ರತಾ ಇಲಾಖೆ ಹುಟ್ಟಿತು. 1985ರ ಜೂನ್ 23ರಂದು ‘ಕನಿಷ್ಕ’ ಆಕಾಶದಲ್ಲೇ ಸಿಡಿದು 329 ಜನ ಸತ್ತರು. ಬಾಂಬಿದ್ದ ಸೂಟ್‌ಕೇಸು ವಿಮಾನ ಹತ್ತಿತ್ತು, ಅದರ ಯಜಮಾನ ಹತ್ತಿರಲಿಲ್ಲ. 1999ರ ಡಿಸೆಂಬರಿನಲ್ಲಿ ಕಠ್ಮಂಡುವಿನಿಂದ ಹೊರಟ ವಿಮಾನ ಕಂದಹಾರ್ ಸೇರಿತು. ಅದಾದ ಮೇಲೆ 2000ದಿಂದ ಒಂದೊಂದೇ ನಿಲ್ದಾಣಕ್ಕೆ ಸಿಐಎಸ್‌ಎಫ್ ಜವಾನರು ಬಂದರು. ದೇವನಹಳ್ಳಿಯಲ್ಲಿ ನಿಮ್ಮ ಬೆಲ್ಟು ಬಿಚ್ಚಿಸುವವರು ಅವರೇ.

ಹಾಗಾದರೆ ಚೀಟಿ ಎತ್ತುವುದು ಎಲ್ಲಿ? ಎರಡನೇ ಸುತ್ತಿನಲ್ಲಿ. ವಿಮಾನ ಹತ್ತುವ ಬಾಗಿಲ ಹತ್ತಿರ ಮತ್ತೊಮ್ಮೆ ತಡೆದು ನೋಡುವುದುಂಟು. ಆಗಸ್ಟ್ 15, ಜನವರಿ 26 ಹತ್ತಿರವಾದಾಗ ಇದು ಬಿಗಿಯಾಗುತ್ತದೆ. 2025ರ ಮೇ ತಿಂಗಳಲ್ಲಿ ಪಾಕಿಸ್ತಾನದ ಜತೆ ಗುಂಡಿನ ಚಕಮಕಿ ನಡೆದಾಗ ದೇಶದ ಎಲ್ಲ ನಿಲ್ದಾಣದಲ್ಲೂ ಎಲ್ಲ ಪ್ರಯಾಣಿಕರಿಗೂ ಈ ಎರಡನೇ ತಪಾಸಣೆ ಕಡ್ಡಾಯ ಮಾಡಿದ್ದರು.

ಇನ್ನೊಂದು, ಸಣ್ಣ ಪಟ್ಟಿಯಿಂದ ಕೈ, ಬ್ಯಾಗು ಒರೆಸಿ ಯಂತ್ರಕ್ಕೆ ತೋರಿಸುವುದು. ಸ್ಫೋಟಕದ ಕಣ ಇದ್ದರೆ ಯಂತ್ರ ಹೇಳುತ್ತದೆ. ಈ ಭಾಗದ ರೈತರು ಇದನ್ನು ತಿಳಿದಿರಬೇಕು. ಕೆಲವು ಸ್ಫೋಟಕಗಳಲ್ಲಿ ಇರುವ ನೈಟ್ರೇಟೇ ಟೊಮೇಟೊಗೆ ಹಾಕುವ ಗೊಬ್ಬರದಲ್ಲೂ ಇದೆ. ಬೆಳಿಗ್ಗೆ ತೋಟಕ್ಕೆ ಗೊಬ್ಬರ ಬಿಟ್ಟು ಅದೇ ಕೈಯಲ್ಲಿ ಬ್ಯಾಗು ಹಿಡಿದು ಹೊರಟರೆ ಯಂತ್ರ ಕೂಗಿದರೂ ಕೂಗಿತು. ಎದೆನೋವಿಗೆ ನಾಲಗೆ ಕೆಳಗೆ ಇಡುವ ಮಾತ್ರೆ, ಗ್ಲಿಸರಿನ್ ಇರುವ ಕ್ರೀಮು ಕೂಡಾ ಯಂತ್ರವನ್ನು ಏಮಾರಿಸುವುದುಂಟು. ಹೊರಡೋ ಮುಂಚೆ ಸೋಪು ಹಾಕಿ ಕೈ ತೊಳೆಯಿರಿ. ಯಂತ್ರ ಕೂಗಿದರೆ ಗಾಬರಿಬೀಳದೆ ನಿಜ ಹೇಳಿ, ‘ಸಾರ್, ನಾನು ರೈತ, ಗೊಬ್ಬರ ಮುಟ್ಟಿದ್ದೆ’ ಅಂತ. ಇನ್ನೊಂದು ಸಲ ನೋಡುತ್ತಾರೆ, ಬಿಡುತ್ತಾರೆ.

ಮುಖ ನೋಡಿ ಮಣೆ

ಇನ್ನು ಕಹಿ ಮಾತು. ‘ರ‍್ಯಾಂಡಮ್’ ಅಂತ ಬಾಯಲ್ಲಿ ಹೇಳಿ, ಕಣ್ಣಲ್ಲಿ ಮುಖ ನೋಡಿ ಆರಿಸಿದರೆ? ಪ್ರಪಂಚದ ತುಂಬಾ ಇರುವ ದೂರು ಇದು. ಹೆಸರಿನಿಂದ, ಚರ್ಮದಿಂದ, ಉಡುಪಿನಿಂದ ಪದೇ ಪದೇ ಪಕ್ಕಕ್ಕೆ ನಿಲ್ಲಿಸಿಕೊಂಡವರು ಸಾವಿರಾರು. ನಟ ಶಾರುಖ್ ಖಾನ್ ಅವರನ್ನೇ 2009, 2012, 2016ರಲ್ಲಿ ಅಮೆರಿಕದ ನಿಲ್ದಾಣಗಳಲ್ಲಿ ತಡೆದರು. ಅವರಿಗಾದರೆ ಪತ್ರಿಕೆಯಲ್ಲಿ ಸುದ್ದಿ ಬರುತ್ತದೆ. ಮುಳಬಾಗಿಲಿನ ವೆಲ್ಡಿಂಗ್ ಹುಡುಗನಿಗೆ ಆದರೆ ಯಾರು ಕೇಳಬೇಕು?

ಮರ್ಯಾದೆಯ ಮಾತು ಹಾಗಿರಲಿ, ಇದರಿಂದ ಭದ್ರತೆಯಾದರೂ ಬಂತೆ? ಅದೂ ಇಲ್ಲ. 2001ರ ಸೆಪ್ಟೆಂಬರ್ 11ರಂದು ಅಮೆರಿಕದಲ್ಲಿ ವಿಮಾನ ಅಪಹರಿಸಿದ 19 ಮಂದಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯನ್ನು ಅಲ್ಲಿನ ಕಂಪ್ಯೂಟರು ಅವತ್ತು ಆರಿಸಿತ್ತು! ಆದರೆ ಆಗಿನ ನಿಯಮದ ಪ್ರಕಾರ ಆರಿಸಿದವರ ದೊಡ್ಡ ಲಗೇಜಿನ ಮೇಲೆ ಮಾತ್ರ ನಿಗಾ, ಮೈಮೇಲೆ ಅಲ್ಲ. ಮರುವರ್ಷ ಎಂಐಟಿ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು ಇನ್ನೊಂದು ತೂತು ತೋರಿಸಿದರು. ಕಂಪ್ಯೂಟರು ಒಂದೇ ತರಹದವರನ್ನು ಹಿಡಿಯುವುದಾದರೆ ಖದೀಮರ ಗುಂಪು ತನ್ನವರನ್ನು ಖಾಲಿ ಕೈಯಲ್ಲಿ ನಾಲ್ಕಾರು ಸಲ ಓಡಾಡಿಸಿ ನೋಡುತ್ತದೆ. ಯಾರನ್ನು ಒಮ್ಮೆಯೂ ತಡೆಯಲಿಲ್ಲವೋ ಅವನ ಕೈಗೇ ಕೊನೆಗೆ ಬಾಂಬು. ಕಣ್ಣುಮುಚ್ಚಿ ಆರಿಸಿದರೆ ಈ ಪರೀಕ್ಷೆ ನಡೆಯುವುದಿಲ್ಲ, ಯಾಕಂದರೆ ನಿನ್ನೆ ಬಿಟ್ಟವನನ್ನು ಇವತ್ತು ಹಿಡಿಯಬಹುದು.

‘ಮುಖಭಾವ ನೋಡಿ ಕಳ್ಳನನ್ನು ಗುರುತಿಸುತ್ತೇವೆ’ ಅನ್ನೋ ಪಂಡಿತರೂ ಇದ್ದಾರೆ. 2013ರಲ್ಲಿ ಅಮೆರಿಕ ಸರ್ಕಾರದ ಸ್ವಂತ ಲೆಕ್ಕಪರಿಶೋಧನೆ ಸಂಸ್ಥೆಯೇ ಈ ವಿದ್ಯೆ ನಾಣ್ಯ ಚಿಮ್ಮುವುದಕ್ಕಿಂತ ಹೆಚ್ಚೇನಿಲ್ಲ ಅಂತ ಬರೆದು, ಇದಕ್ಕೆ ಖರ್ಚು ಕಡಿಮೆ ಮಾಡಿ ಅಂದಿತು. ಮೊದಲ ಸಲ ವಿಮಾನ ಹತ್ತುವ ಅಜ್ಜಿಯ ಮುಖ ನೋಡಿದ್ದೀರಾ? ಅಷ್ಟು ಗಾಬರಿ ಯಾವ ಕಳ್ಳನ ಮುಖದಲ್ಲೂ ಇರುವುದಿಲ್ಲ.

ತಡವಿ ನೋಡುವ ಕೈ ಈ ಜಿಲ್ಲೆಗೆ ಹೊಸದೂ ಅಲ್ಲ. ಕೆ.ಜಿ.ಎಫ್. ಗಣಿಯಲ್ಲಿ ಪಾಳಿ ಮುಗಿಸಿ ಮೇಲೆ ಬಂದ ಕೂಲಿಗಳನ್ನು ಚಿನ್ನಕ್ಕಾಗಿ ತಡಕುತ್ತಿದ್ದ ಕಾಲ ಒಂದಿತ್ತು. 1930ರಲ್ಲಿ ಬೆರಳಚ್ಚು ಕೊಡಬೇಕು ಅಂತ ಆಜ್ಞೆ ಬಂದಾಗ ಸಾವಿರಾರು ಜನ ಕೆಲಸ ಬಿಟ್ಟು ಕೂತರು. ಕೂಲಿ ಸಾಲದು ಅಂತಲ್ಲ, ನಮ್ಮನ್ನು ಕಳ್ಳರ ಹಾಗೆ ಕಾಣಬೇಡಿ ಅಂತ.

ಮೆಕ್ಸಿಕೊ ದೇಶದವರು ಒಂದು ಚಂದದ ಉಪಾಯ ಮಾಡಿದ್ದರು. ಅಲ್ಲಿನ ಕಸ್ಟಮ್ಸ್ ಕೌಂಟರಿನಲ್ಲಿ ಬಹಳ ವರ್ಷ ಒಂದು ಗುಂಡಿ ಇತ್ತು. ಪ್ರಯಾಣಿಕ ತಾನೇ ಒತ್ತಬೇಕು. ಹಸಿರು ದೀಪ ಬಂದರೆ ನಡೆ, ಕೆಂಪು ಬಂದರೆ ಪೆಟ್ಟಿಗೆ ಬಿಚ್ಚು. ಅಧಿಕಾರಿಯ ಮೇಲೆ ಗುಮಾನಿಯಿಲ್ಲ, ಜಾತಿ ಧರ್ಮದ ಮಾತಿಲ್ಲ. ಬೈಯುವುದಾದರೆ ತನ್ನ ಬೆರಳನ್ನೇ ಬೈದುಕೊಳ್ಳಬೇಕು. ಇಂಥದ್ದೊಂದು ಗುಂಡಿ ದೇವನಹಳ್ಳಿಯ ಕಸ್ಟಮ್ಸ್‌ನಲ್ಲಿ ಇದ್ದರೆ ಯಾರಿಗೆ ನಷ್ಟ? ಯಾರಿಗೂ ಇಲ್ಲ... ದೊಡ್ಡವರ ಕಡೆಯವರನ್ನು ಬಿಟ್ಟು.

ಬಿಟ್ಟುಹೋದವರ ಕಥೆ

ತಪಾಸಣೆಯಿಂದ ವಿನಾಯಿತಿ ಇರುವವರ ಪಟ್ಟಿ ಒಂದಿದೆ. ರಾಷ್ಟ್ರಪತಿ, ಪ್ರಧಾನಿ, ರಾಜ್ಯಪಾಲರು, ಮುಖ್ಯಮಂತ್ರಿಗಳು ಸರಿ. ಯಾವ ಹುದ್ದೆಯೂ ಇಲ್ಲದ ರಾಬರ್ಟ್ ವಾದ್ರಾ ಅವರ ಹೆಸರೂ ಆ ಪಟ್ಟಿಯಲ್ಲಿ 2015ರವರೆಗೆ ಇತ್ತು! ಅದೇ ಪಟ್ಟಿಯಲ್ಲಿದ್ದ ಮಾಜಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರನ್ನು 2009ರ ಏಪ್ರಿಲಿನಲ್ಲಿ ದೆಹಲಿಯಲ್ಲಿ ಅಮೆರಿಕದ ವಿಮಾನ ಕಂಪನಿಯವರು ತಪಾಸಣೆ ಮಾಡಿದರು. ಕಲಾಂ ತಕರಾರು ಮಾಡಲಿಲ್ಲ. ದೇಶ ಗಲಾಟೆ ಮಾಡಿತು, ಕಂಪನಿ ಕ್ಷಮೆ ಕೇಳಿತು.

ಹತ್ತುವಾಗಿನ ತಪಾಸಣೆ ಬೇರೆ, ವಿದೇಶದಿಂದ ಇಳಿದಾಗಿನ ಕಸ್ಟಮ್ಸ್ ಬೇರೆ. ಹತ್ತುವಾಗ ಎಲ್ಲರಿಗೂ ತಪಾಸಣೆ. ಇಳಿದಾಗ ಮಾತ್ರ ಆರಿಸಿದವರಿಗೆ. ಯಾರು ಎಷ್ಟು ಸಲ ಓಡಾಡಿದರು ಅನ್ನೋ ಲೆಕ್ಕ, ಯಾರೋ ಕೊಟ್ಟ ಸುಳಿವು, ಜತೆಗೆ ಅದೃಷ್ಟ. ಹಸಿರು ಸಾಲಿನಲ್ಲಿ ಮಿಕ್ಕವರು ನಡೆದು ಹೊರಗೆ ಬರುತ್ತಾರೆ.

2025ರ ಮಾರ್ಚ್ 3ರಂದು ದುಬೈನಿಂದ ಬೆಂಗಳೂರಿಗೆ ಇಳಿದ ಚಿತ್ರನಟಿಯೊಬ್ಬರ ಮೈಮೇಲೆ 14 ಕೆ.ಜಿ.ಗೂ ಮೀರಿ ಚಿನ್ನ ಸಿಕ್ಕಿತು, ಬೆಲೆ 12 ಕೋಟಿ ರೂಪಾಯಿಗೂ ಹೆಚ್ಚು ಅಂತ ಡಿಆರ್‌ಐ ಪ್ರಕಟಿಸಿತು. ಆಕೆ ಹಿರಿಯ ಪೊಲೀಸ್ ಅಧಿಕಾರಿಯ ಮನೆಯವರು. ಕಾದು ಕೂತಿದ್ದವರು ಹಿಡಿದರೇ ಹೊರತು ಮಾಮೂಲಿ ತಪಾಸಣೆಯಲ್ಲ. ಪೊಲೀಸರ ಪ್ರೋಟೊಕಾಲ್ ಸೌಲಭ್ಯ ದುರ್ಬಳಕೆಯಾಯಿತೇ ಅಂತ ರಾಜ್ಯ ಸರ್ಕಾರವೇ ವಿಚಾರಣೆಗೆ ಆಜ್ಞೆ ಮಾಡಬೇಕಾಯಿತು. ಆರೋಪ ನಿಜವೋ ಸುಳ್ಳೋ ಕೋರ್ಟು ಹೇಳಬೇಕು. ಅತ್ತ ಉಮ್ರಾ ಮುಗಿಸಿ ಬಂದ ಮಾಲೂರಿನ ಮುದುಕಿಯ ಖರ್ಜೂರದ ಚೀಲ ಬಿಚ್ಚಿಸುವುದಕ್ಕೆ ಯಾರ ಆಜ್ಞೆಯೂ ಬೇಕಾಗಿಲ್ಲ.

ಹೋಗುವವರಿಗೆ ನಾಲ್ಕು ಮಾತು. ಪಕ್ಕಕ್ಕೆ ಕರೆದರೆ ‘ಯಾಕೆ’ ಅಂತ ಮೆತ್ತಗೆ ಕೇಳಬಹುದು, ಕೇಳಿದ್ದಕ್ಕೆ ಜೈಲಿಗೆ ಹಾಕುವುದಿಲ್ಲ. ‘ಬಾಂಬಿದೆ ನೋಡಿ’ ಅಂತ ತಮಾಷೆಗೂ ಅನ್ನಬೇಡಿ, ಅದಕ್ಕೆ ಹಾಕುತ್ತಾರೆ. ಕಾಲಿಗೆ ರಾಡು, ಎದೆಗೆ ಪೇಸ್‌ಮೇಕರ್ ಇದ್ದವರು ಡಾಕ್ಟರ ಚೀಟಿ ಇಟ್ಟುಕೊಳ್ಳಿ. ಕೃತಕ ಕಾಲಿನ ನರ್ತಕಿ ಸುಧಾ ಚಂದ್ರನ್ 2021ರಲ್ಲಿ ಪ್ರತಿ ಸಲ ಕಾಲು ಬಿಚ್ಚಿಸುತ್ತಾರೆ ಅಂತ ವಿಡಿಯೊದಲ್ಲಿ ನೊಂದು ಹೇಳಿದ ಮೇಲೆ ಸಿಐಎಸ್‌ಎಫ್ ಕ್ಷಮೆ ಕೇಳಿತು. ಅಮೆರಿಕಕ್ಕೆ ಹೋಗುವವರ ಬೋರ್ಡಿಂಗ್ ಪಾಸಿನ ಮೇಲೆ ನಾಲ್ಕು ಸಲ ‘ಎಸ್’ ಅಚ್ಚಾಗಿದ್ದರೆ ಇನ್ನೊಂದು ಸುತ್ತು ಖಂಡಿತ, ಒಂದು ಗಂಟೆ ಮುಂಚೆ ಹೋಗಿ.

ಕೊಬ್ಬರಿ ಕೈಚೀಲದಲ್ಲೂ ನಡೆಯೋಲ್ಲ, ದೊಡ್ಡ ಲಗೇಜಿನಲ್ಲೂ ನಡೆಯೋಲ್ಲ. ಎಣ್ಣೆ ಅಂಶ ಇರುವುದರಿಂದ ಬೆಂಕಿ ಹತ್ತುತ್ತದೆ ಅಂತ ನಿಯಮ. ಉಪ್ಪಿನಕಾಯಿ ಜಾಡಿಯನ್ನು ದೊಡ್ಡ ಲಗೇಜಿಗೆ ಹಾಕಿ. ಶ್ರೀನಿವಾಸಪುರದ ಮಾವಿನಹಣ್ಣನ್ನು ದೆಹಲಿ, ಮುಂಬಯಿಗೆ ಧಾರಾಳವಾಗಿ ಒಯ್ಯಬಹುದು. ಅಮೆರಿಕಕ್ಕೆ ಬೇಡ. ಅಲ್ಲಿ ಇಳಿದ ಕೂಡಲೇ ಕಿತ್ತುಕೊಂಡು ಕಸಕ್ಕೆ ಹಾಕುತ್ತಾರೆ, ಹೇಳದೆ ಒಯ್ದಿದ್ದರೆ ದಂಡ ಬೇರೆ.